ಕ್ರುಶೆವೊ ಪಟ್ಟಣದ ಜನಸಂಖ್ಯೆ: 1900ರ ಲೆಕ್ಕವನ್ನೂ 2002ರ ಲೆಕ್ಕವನ್ನೂ ಪಕ್ಕಪಕ್ಕ ಇಡಬಹುದಾ?

ಅಂತರಗಂಗೆ, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದ ಕಾಲೇಜೊಂದರ ಇತಿಹಾಸ ಬಳಗಕ್ಕೆ ಎರಡು ಭಿತ್ತಿಪತ್ರ ಆಗಬೇಕಾಗಿದೆ. ಒಂದು ನಮ್ಮ ಕೆಜಿಎಫ್ ಮೇಲೆ. ಇನ್ನೊಂದು ಬಾಲ್ಕನ್ ಸೀಮೆಯ ಕ್ರುಶೆವೊ ಮೇಲೆ. ಉತ್ತರ ಮ್ಯಾಸಿಡೋನಿಯಾದ ಬೆಟ್ಟದೂರು, 1,350 ಮೀಟರ್ ಎತ್ತರ, ಅಂದರೆ ನಂದಿಬೆಟ್ಟಕ್ಕಿಂತ ನೂರು ಮೀಟರ್ ಚಿಲ್ಲರೆ ಕಡಿಮೆ. ಎರಡೂ ಊರನ್ನ ಹೊರಗಿನಿಂದ ಬಂದವರೇ ಬೆಳೆಸಿದ್ದು, ಅದಕ್ಕೇ ಜೋಡಿ ಮಾಡಿದ್ದು.

ಕ್ರುಶೆವೊಗೆ ಎರಡು ಲೆಕ್ಕ ಸಿಕ್ಕಿವೆ. 1900ರಲ್ಲಿ ಬಲ್ಗೇರಿಯಾದ ವಸಿಲ್ ಕಂಚೊವ್ ಪ್ರಕಟಿಸಿದ್ದು: ಒಟ್ಟು 9,350 ಜನ. ಅದರಲ್ಲಿ ಬಲ್ಗೇರಿಯನ್ನರು 4,950, ವ್ಲಾಹರು (ಲ್ಯಾಟಿನ್ ಮೂಲದ ಭಾಷೆ ಆಡೋ ಬಾಲ್ಕನ್ ಜನ) 4,000, ಕ್ರೈಸ್ತ ಅಲ್ಬೇನಿಯನ್ನರು 400. ಇನ್ನೊಂದು 2002ರ ಸರ್ಕಾರಿ ಜನಗಣತಿ: ಒಟ್ಟು 9,684. ಮ್ಯಾಸಿಡೋನಿಯನ್ನರು 6,081, ಅಲ್ಬೇನಿಯನ್ನರು 2,064, ವ್ಲಾಹರು 1,020, ತುರ್ಕರು 315, ಮಿಕ್ಕವರು ಬೇರೆ ಬೇರೆ.

ಇದನ್ನ ನೋಡಿ ನಾವು ಹೀಗೆ ಬರೆದಿದ್ದೀವಿ: ನೂರು ವರ್ಷದಲ್ಲಿ ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದೆ, ಬಲ್ಗೇರಿಯನ್ನರು ಪೂರ್ತಿ ಊರು ಬಿಟ್ಟರು, ಅವರ ಜಾಗಕ್ಕೆ ಮ್ಯಾಸಿಡೋನಿಯನ್ನರು ಬಂದರು, ಅಲ್ಬೇನಿಯನ್ನರು ಐದು ಪಟ್ಟು ಬೆಳೆದರು, ವ್ಲಾಹರು ಕಾಲುಭಾಗಕ್ಕೆ ಇಳಿದರು. ಮೊದಲ ಲೆಕ್ಕದಿಂದ ಎರಡನೇ ಲೆಕ್ಕಕ್ಕೆ ಗೆರೆ ಎಳೆದು ಗ್ರಾಫ್ ಕೂಡ ಹಾಕಿದ್ದೀವಿ. ಮುದ್ರಣಕ್ಕೆ ಕೊಡೋ ಮುಂಚೆ ಬಲ್ಲವರು ಒಮ್ಮೆ ನೋಡಿ ಹೇಳಿ.

ಕೈವಾರ, ಚಿಂತಾಮಣಿ

ದಯವಿಟ್ಟು ಈಗಲೇ ಕೊಡಬೇಡಿ. ಅಂಕಿ ಒಂದೂ ತಪ್ಪಿಲ್ಲ, ತೀರ್ಮಾನದಲ್ಲಿ ಮಾತ್ರ ಒಂದೂ ಸರಿಯಿಲ್ಲ.

ಮೊದಲು ಗಡಿ ನೋಡಿ. ಕಂಚೊವ್ ಕೊಟ್ಟ 9,350 ಪಟ್ಟಣದ ಲೆಕ್ಕ. 2002ರ 9,684 ಪುರಸಭಾ ವ್ಯಾಪ್ತಿಯದು. ಅಲ್ಲಿ ಪುರಸಭೆ ಅಂದರೆ ನಮ್ಮ ನಗರಸಭೆ ಥರ ಬರೀ ಊರಲ್ಲ. ಪಟ್ಟಣದ ಜೊತೆ ಸುತ್ತಲಿನ ಹಳ್ಳಿಗಳೂ ಸೇರಿರುತ್ತವೆ, ಒಂದು ಸಣ್ಣ ತಾಲ್ಲೂಕು ಅಂದುಕೊಳ್ಳಿ. 2002ರಲ್ಲಿ ಕ್ರುಶೆವೊ ಪಟ್ಟಣದೊಳಗೆ ಇದ್ದವರು 5,330 ಜನ. ಅಂದಮೇಲೆ ಜನಸಂಖ್ಯೆ ಅಷ್ಟೇ ಇದೆ ಅನ್ನೋ ಮಾತೇ ಬಿತ್ತು. ಊರು 4,020 ಜನರನ್ನ ಕಳಕೊಂಡಿದೆ, ನೂರಕ್ಕೆ 43ರಷ್ಟು.

ಅದರ ಮೇಲೆ ಇನ್ನೊಂದು ಸಿಕ್ಕು ಇದೆ. ಪುರಸಭೆಯೊಳಗಿನ ಹಳ್ಳಿಗಳಲ್ಲಿ ಅಲ್ಬೇನಿಯನ್ನರು ಇರೋ ಹಳ್ಳಿಗಳೂ ಇವೆ. ನಿಮ್ಮ ಹತ್ತಿರ ಇರೋ 9,684 ಮತ್ತು 2,064 ಎರಡೂ ಆ ಹಳ್ಳಿಗಳನ್ನೂ ಸೇರಿಸಿಕೊಂಡ ಅಂಕಿ. ಆದ್ದರಿಂದ 400 ಜನ ಬೆಳೆದು 2,064 ಆಗಿಲ್ಲ. ಆ 400 ಜನ ಪಟ್ಟಣದೊಳಗಿದ್ದ ಆರ್ಥೊಡಾಕ್ಸ್ ಕ್ರೈಸ್ತ ಕುಟುಂಬಗಳವರು. 2,064ರಲ್ಲಿ ಹೆಚ್ಚಿನವರು ಹಳ್ಳಿಗಳ ಮುಸ್ಲಿಮರು. ಭಾಷೆಯ ಹೆಸರು ಒಂದೇ, ಸಂತತಿ ಬೇರೆ, ಜಾಗ ಬೇರೆ. ಇವೆರಡರ ಮಧ್ಯೆ ಗೆರೆ ಎಳೆದರೆ ಇಲ್ಲದ ವಲಸೆಯೊಂದನ್ನ ನಾವೇ ಹುಟ್ಟುಹಾಕಿದ ಹಾಗೆ.

ಇದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 2001ರಲ್ಲಿ ಕೋಲಾರ ಜಿಲ್ಲೆ 25,36,069. 2011ರಲ್ಲಿ ಕೋಲಾರ ಜಿಲ್ಲೆ 15,36,401. ಹೆಚ್ಚುಕಡಿಮೆ ಕರಾರುವಾಕ್ಕಾಗಿ ಹತ್ತು ಲಕ್ಷ ಜನ ಮಾಯ! ಬರಗಾಲ ಬಂದಿತ್ತಾ? ಇಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು, ಹನ್ನೊಂದು ತಾಲ್ಲೂಕಿನಲ್ಲಿ ಆರು ಆ ಕಡೆ ಹೋದವು. ಚಿಕ್ಕಬಳ್ಳಾಪುರದ 12,55,104 ಕೂಡಿಸಿದರೆ 27,91,505. ನಮ್ಮೂರಿನ ವಿಷಯ ಗೊತ್ತಿರೋದರಿಂದ ನಗ್ತೀವಿ. ಕ್ರುಶೆವೊ ಗಡಿಯ ವಿಷಯ ಗೊತ್ತಿಲ್ಲದಿದ್ದರೆ ಹಾಗೇ ಅಚ್ಚು ಹಾಕಿಬಿಡ್ತೀವಿ.

ವ್ಲಾಹರ ಶೇಕಡಾವಾರು ಬರೆಯುವಾಗಲೂ ಇದೇ ಎಚ್ಚರ ಬೇಕು. 1,020 ಜನ ಪುರಸಭೆಯಲ್ಲಿ ಶೇ. 10.5. ಅವರು ಹೆಚ್ಚುಕಡಿಮೆ ಎಲ್ಲರೂ ಪಟ್ಟಣದಲ್ಲೇ ಇರೋದು, ಹಾಗಾಗಿ ಪಟ್ಟಣದ ಮಟ್ಟಿಗೆ ಸುಮಾರು ಶೇ. 19. ಹತ್ತರಲ್ಲಿ ಒಬ್ಬರು ಅನ್ನೋದಕ್ಕೂ ಐದರಲ್ಲಿ ಒಬ್ಬರು ಅನ್ನೋದಕ್ಕೂ ಓದುವವರಿಗೆ ಅಜಗಜಾಂತರ. ಕಾನೂನಿಗೂ ಇದು ತಗಲುತ್ತೆ. ಮ್ಯಾಸಿಡೋನಿಯಾ ಸರ್ಕಾರಕ್ಕೂ ಅಲ್ಬೇನಿಯನ್ನರಿಗೂ ಆದ 2001ರ ಒಹ್ರಿಡ್ ಒಪ್ಪಂದದ ಪ್ರಕಾರ ಒಂದು ಪುರಸಭೆಯಲ್ಲಿ ಶೇ. 20 ಮುಟ್ಟಿದ ಸಮುದಾಯದ ಭಾಷೆಗೆ ಅಧಿಕೃತ ಸ್ಥಾನ ತಾನಾಗೇ ಸಿಗುತ್ತೆ. ಅದಕ್ಕಿಂತ ಕಡಿಮೆ ಇದ್ದರೆ ಪುರಸಭಾ ಸದಸ್ಯರು ಕೂತು ತೀರ್ಮಾನ ಮಾಡಬೇಕು. ಕ್ರುಶೆವೊದಲ್ಲಿ ವ್ಲಾಹ್ ಭಾಷೆಗೆ ಸ್ಥಾನ ಸಿಕ್ಕಿರೋದು ಈ ಎರಡನೇ ದಾರಿಯಲ್ಲಿ.

ಮಾರ್ಕಂಡೇಯ, ಬಂಗಾರಪೇಟೆ

ಗಡಿ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಕಾಲಂ ತಲೆಬರಹದ ವಿಷಯಕ್ಕೆ ಬರ್ತೀನಿ. ನಿಜವಾದ ಗೊಂದಲ ಇರೋದು ಅಲ್ಲಿ.

ಯಾವುದೇ ಹಳೇ ಲೆಕ್ಕ ಸಿಕ್ಕಿದರೂ, ಬಾಗಿಲಲ್ಲಿ ನಿಂತವನು ಏನು ಕೇಳಿದ ಅನ್ನೋದನ್ನ ಮೊದಲು ಪತ್ತೆ ಮಾಡಿ. ನಿನ್ನ ಧರ್ಮ ಯಾವುದು? ಮನೆಮಾತು ಯಾವುದು? ಮಕ್ಕಳು ಯಾವ ಶಾಲೆಗೆ ಹೋಗ್ತಾರೆ? ನೀನು ಯಾರು ಅಂತ ಹೇಳಿಕೊಳ್ತೀಯ? ಈ ನಾಲ್ಕಕ್ಕೂ ಒಂದೇ ಮನುಷ್ಯ ನಾಲ್ಕು ಉತ್ತರ ಕೊಡಬಲ್ಲ, ನಾಲ್ಕೂ ಸತ್ಯವೇ ಆಗಿರಬಲ್ಲವು. ಕ್ರುಶೆವೊದಲ್ಲಿ ನೂರೈವತ್ತು ವರ್ಷದಲ್ಲಿ ಈ ನಾಲ್ಕೂ ಪ್ರಶ್ನೆ ಒಂದಾದ ಮೇಲೊಂದು ಬಂದು ಹೋಗಿವೆ.

ಆಗ ಆ ಸೀಮೆ ಆಳ್ತಿದ್ದ ಆಟೊಮನ್ (ತುರ್ಕಿ) ಸರ್ಕಾರ ಎಣಿಸ್ತಿದ್ದದ್ದು ಮಿಲ್ಲೆತ್ ಪ್ರಕಾರ, ಅಂದರೆ ಧಾರ್ಮಿಕ ಪಂಗಡದ ಪ್ರಕಾರ. 1831ರ ಎಣಿಕೆಯಲ್ಲಿ ಗಂಡಸರು ಮಾತ್ರ. ಹೆಂಗಸರನ್ನೂ ಸೇರಿಸಿಕೊಂಡದ್ದು 1881/82ರಿಂದ 1893ರ ತನಕ ನಡೆದ ಎಣಿಕೆಯಲ್ಲಿ. ಅದರಲ್ಲಿ 'ರೂಮ್' ಅನ್ನೋ ಕಾಲಂ ಇದೆ. ಇಂಗ್ಲಿಷ್ ಪುಸ್ತಕಗಳು ಅದನ್ನ ಸಲೀಸಾಗಿ ಗ್ರೀಕ್ ಅಂತ ಅನುವಾದ ಮಾಡಿಬಿಡುತ್ತವೆ. ಅದರ ಅರ್ಥ ಇಷ್ಟೇ: ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಪಿತೃಪೀಠಕ್ಕೆ ನಡಕೊಳ್ಳೋರು. ಮನೆಯಲ್ಲಿ ವ್ಲಾಹ್ ಆಡೋರು, ಸ್ಲಾವಿಕ್ ಆಡೋರು, ಅಲ್ಬೇನಿಯನ್ ಆಡೋರು ಎಲ್ಲರೂ ಅದೇ ಕಾಲಂನಲ್ಲಿ ಬೀಳ್ತಾರೆ. 'ಬಲ್ಗಾರ್' ಕಾಲಂ ಅಂದರೆ 1870ರಲ್ಲಿ ಸುಲ್ತಾನನ ಫರ್ಮಾನಿನಿಂದ ಬೇರೆಯಾದ ಬಲ್ಗೇರಿಯನ್ ಎಕ್ಸಾರ್ಕೇಟ್ ಎಂಬ ಚರ್ಚಿಗೆ ಸೇರಿದವರು. ಆ ಫರ್ಮಾನಿನ 10ನೇ ಕಲಮು ಒಂದು ಪ್ರದೇಶದ ಆರ್ಥೊಡಾಕ್ಸ್ ಜನರಲ್ಲಿ ಮೂರನೇ ಎರಡು ಭಾಗ ಒಪ್ಪಿದರೆ ಆ ಪ್ರದೇಶ ಎಕ್ಸಾರ್ಕೇಟಿಗೆ ಸೇರಬಹುದು ಅಂತಿತ್ತು. ಅಲ್ಲಿಂದ ಶುರುವಾಯಿತು ನೋಡಿ, ಒಂದೊಂದು ಮನೆಗೂ ಪೈಪೋಟಿ.

ವ್ಲಾಹರಿಗೆ ಅಂತ ಪ್ರತ್ಯೇಕ ಮಿಲ್ಲೆತ್ ಮಾನ್ಯವಾದದ್ದು 1905ರ ಮೇ ತಿಂಗಳಲ್ಲಿ, ಸುಲ್ತಾನ್ ಅಬ್ದುಲ್ ಹಮೀದನ ಆಜ್ಞೆಯಿಂದ. ಅದಕ್ಕೆ ಮುಂಚಿನ ಆಟೊಮನ್ ಲೆಕ್ಕದಲ್ಲಿ ವ್ಲಾಹರ ಕಾಲಂ ಇಲ್ಲ ಅಂದರೆ ಊರಲ್ಲಿ ವ್ಲಾಹರಿರಲಿಲ್ಲ ಅಂತ ಅರ್ಥವಲ್ಲ. ಅವರನ್ನ ಬರೆಯೋಕೆ ಖಾನೆ ಇರಲಿಲ್ಲ, ಅಷ್ಟೆ.

ಹೆಸರುಗಳ ಕಾಟ ಬೇರೆ. ಒಂದೇ ಜನರನ್ನ ಒಬ್ಬ ವ್ಲಾಹ್ ಅಂತಾನೆ, ಆಟೊಮನ್ ಕಾಗದ ಉಲಾಹ್ ಅನ್ನುತ್ತೆ, ಸರ್ಬಿಯನ್ನರು ತ್ಸಿಂತ್ಸಾರ್ ಅಂತಾರೆ, ಗ್ರೀಕರು ಕುತ್ಸೊವ್ಲಾಹ್ ಅಂತಾರೆ, ಭಾಷಾಶಾಸ್ತ್ರದವರು ಅರೊಮಾನಿಯನ್ ಅಂತಾರೆ. ಐದೂ ಒಂದೇ. ಇವನ್ನ ಐದು ಜನಾಂಗ ಅಂತ ಕೂಡಿಸಿದ ಭಿತ್ತಿಪತ್ರಗಳೂ ಉಂಟು.

ಕಂಚೊವ್ ಯಾರು ಅಂತಲೂ ತಿಳಿದಿರಬೇಕು. ಎಕ್ಸಾರ್ಕೇಟಿನ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವರು, ಮುಂದೆ ಬಲ್ಗೇರಿಯಾದ ಶಿಕ್ಷಣ ಮಂತ್ರಿಯಾದರು, 1902ರಲ್ಲಿ ಹತ್ಯೆಯಾದರು. ಅವರು ವಿಂಗಡಿಸಿದ್ದು ಮುಖ್ಯವಾಗಿ ಮನೆಮಾತಿನ ಮೇಲೆ. ಸ್ಲಾವಿಕ್ ಮಾತಾಡಿದವರೆಲ್ಲ, ಚರ್ಚು ಯಾವುದೇ ಇರಲಿ, ಅವರ ಲೆಕ್ಕದಲ್ಲಿ ಬಲ್ಗೇರಿಯನ್ನರು. ಊರೂರಿನ ಒಟ್ಟು ಸಂಖ್ಯೆಗೆ ಅವರ ಪುಸ್ತಕ ಉಪಯೋಗಕ್ಕೆ ಬರುತ್ತೆ. ತಲೆಬರಹಕ್ಕೆ ಮಾತ್ರ ಅವರನ್ನೊಬ್ಬರನ್ನೇ ನೆಚ್ಚಿಕೊಳ್ಳಬಾರದು.

ಎಷ್ಟು ಅಂತರ ಬರಬಹುದು ಅಂತ ನೋಡಬೇಕಾ? ಇಡೀ ಮ್ಯಾಸಿಡೋನಿಯಾ ಸೀಮೆಗೆ ಕಂಚೊವ್ ಲೆಕ್ಕ: ಬಲ್ಗೇರಿಯನ್ನರು 11,81,336, ಸರ್ಬರು 700. ಅದೇ ಸೀಮೆಗೆ 1889ರಲ್ಲಿ ಸರ್ಬಿಯಾ ಪರವಾಗಿ ಗೊಪ್ಚೆವಿಚ್ ಕೊಟ್ಟ ಲೆಕ್ಕ: ಸರ್ಬರು 20,48,320, ಬಲ್ಗೇರಿಯನ್ನರು 57,600. ಗ್ರೀಕ್ ಕಡೆಯ 1904ರ ಲೆಕ್ಕದಲ್ಲಿ ಗ್ರೀಕರು 6,52,795, ಬಲ್ಗೇರಿಯನ್ನರು 3,32,162. ಈ ಗ್ರೀಕ್ ಲೆಕ್ಕ ಕೊಸೊವೊ ಪ್ರಾಂತವನ್ನ ಬಿಟ್ಟುಬಿಟ್ಟಿದೆ, ಗಡಿಯ ಸಿಕ್ಕು ಇಲ್ಲೂ ಇದೆ. ಮೂರನ್ನೂ ಪಕ್ಕಪಕ್ಕ ಅಚ್ಚು ಹಾಕಿದ್ದು ಬಾಲ್ಕನ್ ಯುದ್ಧಗಳ ಬಗ್ಗೆ ವಿಚಾರಣೆ ಮಾಡಿದ ಕಾರ್ನೆಗಿ ಆಯೋಗದ 1914ರ ವರದಿ. ಜನ ಅವರೇ. ತಕ್ಕಡಿ ಹಿಡಿದವರು ಬೇರೆ.

ಈಗ ನಿಮ್ಮ "ಬಲ್ಗೇರಿಯನ್ನರು ಹೋದರು, ಮ್ಯಾಸಿಡೋನಿಯನ್ನರು ಬಂದರು" ಅನ್ನೋ ವಾಕ್ಯ. 1913ರ ಬುಕಾರೆಸ್ಟ್ ಒಪ್ಪಂದದಲ್ಲಿ ಈ ಭಾಗ ಸರ್ಬಿಯಾಕ್ಕೆ ಹೋಯಿತು. 1921 ಮತ್ತು 1931ರ ಯುಗೊಸ್ಲಾವ್ ಗಣತಿಗಳು ಮನೆಮಾತು ಕೇಳಿದವು, ಅಲ್ಲಿನ ಸ್ಲಾವಿಕ್ ಮಾತನ್ನೆಲ್ಲ ಸರ್ಬೊ-ಕ್ರೊಯೇಷಿಯನ್ ಬುಟ್ಟಿಗೆ ಹಾಕಿದವು. 1944ರ ಆಗಸ್ಟ್ 2ರಂದು ಮ್ಯಾಸಿಡೋನಿಯಾ ಪ್ರತ್ಯೇಕ ಗಣರಾಜ್ಯ ಅಂತ ಘೋಷಣೆಯಾಯಿತು, 1945ರಲ್ಲಿ ಭಾಷೆಗೆ ಲಿಪಿ ಸ್ಥಿರವಾಯಿತು, 1948ರ ಗಣತಿಯಲ್ಲಿ ಮ್ಯಾಸಿಡೋನಿಯನ್ ಅನ್ನೋ ಕಾಲಂ ಬಂತು. ಹೀಗಾಗಿ ಒಂದೇ ಮನೆತನದ ತಾತ 1900ರಲ್ಲಿ ಬಲ್ಗೇರಿಯನ್, ಮಗ 1931ರಲ್ಲಿ ಸರ್ಬೊ-ಕ್ರೊಯೇಷಿಯನ್ ಭಾಷಿಕ, ಮೊಮ್ಮಗ 1948ರಲ್ಲಿ ಮ್ಯಾಸಿಡೋನಿಯನ್ ಆಗಿರಬಹುದು, ಮನೆ ಬದಲಿಸದೆ. ತಾತ ನಿಜವಾಗಿ ಏನಾಗಿದ್ದ ಅನ್ನೋದು ಇವತ್ತಿಗೂ ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ ಎರಡು ದೇಶಗಳ ನಡುವಿನ ಜಗಳ. 2017ರ ಸ್ನೇಹ ಒಪ್ಪಂದದ ಮೇಲೆ ಜಂಟಿ ಇತಿಹಾಸ ಆಯೋಗವೇ ಕೂತಿದೆ. ಕೋಲಾರದ ಭಿತ್ತಿಪತ್ರ ಅದನ್ನ ಬಗೆಹರಿಸೋಕೆ ಹೋಗೋದು ಬೇಡ. ಮೂಲದಲ್ಲಿ ಯಾವ ಪದ ಇದೆಯೋ ಅದನ್ನೇ ಬರೆದು, ಯಾರ ಲೆಕ್ಕ ಅಂತ ಪಕ್ಕದಲ್ಲಿ ಹಾಕಿ.

ಕೊನೇ ಹೆಸರು ನೋಡಿ ಜನಾಂಗ ಹೇಳೋ ಚಾಳಿಯನ್ನೂ ಬಿಡಿ. ಅದೇ ಮನೆತನ ಒಂದು ಆಡಳಿತದಲ್ಲಿ ನಿಕೊಲಿಚ್, ಇನ್ನೊಂದರಲ್ಲಿ ನಿಕೊಲೊವ್, ಮತ್ತೊಂದರಲ್ಲಿ ನಿಕೊಲೊಸ್ಕಿ. ಪ್ರತ್ಯಯ ಸರ್ಕಾರದ್ದು. ಹೆಸರಿನ ಕೊನೆಗೆ ರೆಡ್ಡಿ ಅಂತ ಕಂಡ ಮಾತ್ರಕ್ಕೆ ಮುಳಬಾಗಿಲಿನ ಮನೆಯೊಂದರ ಮನೆಮಾತು ಇದೇ ಅಂತ ನಾವು ಬರೆದುಬಿಡ್ತೀವಾ?

ಚಾಂಪಿಯನ್ ರೀಫ್, ಕೆಜಿಎಫ್

ಮಾರ್ಕಂಡೇಯ ಅವರ ಮಾತೆಲ್ಲ ಒಪ್ತೀನಿ. ಆದರೆ ಒಂದು ತಕರಾರಿದೆ. "ಜನ ಅವರೇ, ಕಾಲಂ ಬದಲಾಯಿತು" ಅಂತ ಹೇಳ್ತಾ ಹೋದರೆ ಊರು ಉರಿದದ್ದೂ, ಜನ ಗಂಟುಮೂಟೆ ಕಟ್ಟಿದ್ದೂ ಮರೆತೇ ಹೋಗುತ್ತೆ. 9,350 ಇದ್ದದ್ದು 5,330 ಆಗಿದ್ದು ಕಾಲಂ ಬದಲಾಗಿ ಅಲ್ಲ.

ಕ್ರುಶೆವೊ ದೊಡ್ಡದಾದದ್ದೇ ಓಡಿಬಂದವರಿಂದ. ಇವತ್ತಿನ ಅಲ್ಬೇನಿಯಾದ ಆಗ್ನೇಯದಲ್ಲಿರೋ ಮೊಸ್ಕೊಪೊಲೆ 18ನೇ ಶತಮಾನದಲ್ಲಿ ವ್ಲಾಹ್ ವರ್ತಕರ ದೊಡ್ಡ ಪಟ್ಟಣ, ಅಚ್ಚುಕೂಟ ಇತ್ತು, ದೊಡ್ಡ ವಿದ್ಯಾಶಾಲೆ ಇತ್ತು. 1769ರಲ್ಲಿ ಲೂಟಿಯಾಯಿತು, 1788ರಲ್ಲಿ ಮತ್ತೆ. ಅಲ್ಲಿಂದಲೂ ಗ್ರಾಮೊಸ್ ಬೆಟ್ಟದ ಸುತ್ತಲಿನ ಹಳ್ಳಿಗಳಿಂದಲೂ ವ್ಲಾಹರು ಕ್ರುಶೆವೊಗೆ ಬಂದರು. ಡೆಬಾರ್ ಕಡೆಯಿಂದ ಮಿಯಾಕರು ಅನ್ನೋ ಸ್ಲಾವಿಕ್ ಜನ ಬಂದರು, ಕಟ್ಟಡದ ಕೆಲಸಕ್ಕೂ ಮರದ ಕೆತ್ತನೆಗೂ ಹೆಸರಾದವರು. ವ್ಯಾಪಾರ ಒಬ್ಬರದು, ಮನೆ ಕಟ್ಟಿದ್ದು ಇನ್ನೊಬ್ಬರು.

ಆಮೇಲೆ 1903. ಆಟೊಮನ್ ಆಳ್ವಿಕೆಯ ವಿರುದ್ಧ ಎದ್ದ ಇಲಿಂಡೆನ್ ದಂಗೆ. ಇಲಿಂಡೆನ್ ಅಂದರೆ ಸಂತ ಎಲಿಯಾಸನ ದಿನ. ಹಳೇ ಕ್ಯಾಲೆಂಡರಿನಲ್ಲಿ ಜುಲೈ 20, ಹೊಸದರಲ್ಲಿ ಆಗಸ್ಟ್ 2. ಎರಡೂ ತಾರೀಕು ಪುಸ್ತಕಗಳಲ್ಲಿ ಸಿಗುತ್ತವೆ, ಎರಡು ಘಟನೆ ಅಂದುಕೊಳ್ಳಬೇಡಿ. 20ನೇ ಶತಮಾನಕ್ಕೆ 13 ದಿನ ಕೂಡಿಸಬೇಕು, 19ನೇ ಶತಮಾನಕ್ಕೆ 12. ದಂಗೆಕೋರರು ಆಗಸ್ಟ್ 3ಕ್ಕೆ ಊರು ಹಿಡಿದು ಗಣರಾಜ್ಯ ಅಂತ ಸಾರಿದರು. ಸುಮಾರು ಹತ್ತು ದಿನ ನಡೆಯಿತು. ಮುಂದಾಳು ನಿಕೊಲಾ ಕರೆವ್, ಸಮಾಜವಾದಿ ಮೇಷ್ಟ್ರು. ಆಡಳಿತದಲ್ಲಿ ಮೂರು ಬಣಕ್ಕೆ ಸಮಪಾಲು: ಎಕ್ಸಾರ್ಕೇಟಿನವರು, ಪಿತೃಪೀಠದವರು, ವ್ಲಾಹರು. ಗಮನಿಸಿ, ಊರಿನವರೇ ತಮ್ಮನ್ನ ಹಂಚಿಕೊಂಡದ್ದು ಹೀಗೆ, ಕಂಚೊವ್ ಕಾಲಂ ಥರ ಅಲ್ಲ. ನಿಮ್ಮ ಭಿತ್ತಿಪತ್ರಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ.

ಆಟೊಮನ್ ಸೈನ್ಯ ತಿರುಗಿ ಬಂತು. ಮೆಚ್ಕಿನ್ ಕಾಮೆನ್ ಅನ್ನೋ ಕಡೆ ತಡೆದು ನಿಂತ ಪಿತು ಗುಲಿ ಅಲ್ಲೇ ಸತ್ತ, ಅವನು ವ್ಲಾಹ. ಊರಿಗೆ ನುಗ್ಗಿದವರು ಲೂಟಿ ಮಾಡಿ ಬೆಂಕಿ ಇಟ್ಟರು. ಅತಿ ಹೆಚ್ಚು ಸುಟ್ಟದ್ದು ಸಿರಿವಂತ ವ್ಲಾಹರ ಕೇರಿ, ಸೇಂಟ್ ನಿಕೊಲಾಸ್ ಚರ್ಚೂ ಹೋಯಿತು. ಅಂಗಡಿ ಸುಟ್ಟರೆ ವರ್ತಕ ಅದೇ ಊರಲ್ಲಿ ಕೂರ್ತಾನಾ? ಬಿಟೊಲಾಕ್ಕೆ, ಥೆಸಲೋನಿಕಿಗೆ, ರುಮೇನಿಯಾಕ್ಕೆ, ಬಲ್ಗೇರಿಯಾಕ್ಕೆ ಚದುರಿದರು. 1912ರ ಮೇಲೆ ಹೊಸ ಗಡಿಗಳು ಬಿದ್ದು ಹಳೇ ವ್ಯಾಪಾರದ ದಾರಿಗಳು ತುಂಡಾದವು. 1945ರ ಮೇಲೆ ಕಾರ್ಖಾನೆ ಕೆಲಸಕ್ಕೆ ಪ್ರಿಲೆಪ್, ಸ್ಕೊಪಿಯೆ ಕಡೆ ಇಳಿದರು.

ಕಾಲಂ ಬದಲಾಗಿದೆಯೋ ಜನ ಹೋಗಿದ್ದಾರೋ ಅಂತ ಬೇರ್ಪಡಿಸೋಕೆ ಒಂದು ಒರಟು ಪರೀಕ್ಷೆ ಇದೆ. ಒಂದು ಕಾಲಂ ಇಳಿದು ಅಷ್ಟೇ ಪ್ರಮಾಣದಲ್ಲಿ ಇನ್ನೊಂದು ಏರಿ, ಒಟ್ಟು ಹಾಗೇ ಇದ್ದರೆ ಹೆಸರು ಬದಲಾಗಿದೆ. ಕಾಲಂ ಜೊತೆ ಒಟ್ಟೂ ಕುಸಿದಿದ್ದರೆ ಜನ ಹೋಗಿದ್ದಾರೆ. ಐದು ವರ್ಷದಲ್ಲಿ ಹುಟ್ಟು-ಸಾವಿನಿಂದ ಆಗಲಾರದಷ್ಟು ಜಿಗಿತ ಕಂಡರೆ ಆ ವರ್ಷ ಸರ್ಕಾರ ಏನು ಮಾಡಿತು ಅಂತ ಹುಡುಕಿ.

ಇದಕ್ಕೆ ಒಳ್ಳೆ ಉದಾಹರಣೆ ಇಡೀ ಮ್ಯಾಸಿಡೋನಿಯಾ ಗಣರಾಜ್ಯದ್ದು. ತುರ್ಕರು 1948ರಲ್ಲಿ 95,940, 1953ರಲ್ಲಿ 2,03,938. ಐದೇ ವರ್ಷದಲ್ಲಿ 1,07,998 ಹೆಚ್ಚು! ಅದೇ ಹೊತ್ತಿಗೆ ಅಲ್ಬೇನಿಯನ್ನರು 1,97,389ರಿಂದ 1,62,524ಕ್ಕೆ ಇಳಿದರು, ಅಂದರೆ 34,865 ಕಡಿಮೆ. ಹೆರಿಗೆಯಿಂದ ಆದದ್ದಲ್ಲ ಇದು. ಆ ಹೊತ್ತಿಗೆ ಯುಗೊಸ್ಲಾವಿಯಾದಿಂದ ಟರ್ಕಿಗೆ ವಲಸೆ ಹೋಗೋ ದಾರಿ ತೆರೆಯುತ್ತಿತ್ತು. ತುರ್ಕ ಅಂತ ಬರೆಸಿದವನಿಗೆ ಬಾಗಿಲು ಸಲೀಸು. 1961ಕ್ಕೆ ನೋಡಿ: ತುರ್ಕರು 1,31,484, ಅಲ್ಬೇನಿಯನ್ನರು 1,83,108. ಮೊದಲ ಜಿಗಿತ ಹೆಸರಿನದು, ಆಮೇಲಿನ ಇಳಿತದಲ್ಲಿ ಹೆಸರೂ ಇದೆ, ರೈಲು ಹತ್ತಿ ಹೋದವರೂ ಇದ್ದಾರೆ. ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಬೇಡಿ.

ಅಂತರಗಂಗೆ, ಕೋಲಾರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರಾಫ್ ಕಿತ್ತು ಹಾಕಿದ್ವಿ. ಇನ್ನು ಮೂರು ಸಂದೇಹ ಉಳಿದಿವೆ. ಹಳೇ ಆಟೊಮನ್ ದಾಖಲೆಯಲ್ಲಿ 'ಹಾನೆ' ಅಂತ ಬರುತ್ತೆ, ಅಂದರೆ ಮನೆ ಲೆಕ್ಕ. ಅದನ್ನ ಐದರಿಂದ ಗುಣಿಸಿ ಜನಸಂಖ್ಯೆ ಮಾಡಬಹುದಾ? 2002ರ ಬದಲು 2021ರ ಗಣತಿ ಬಳಸೋದು ಒಳ್ಳೇದಾ? ಕೆಜಿಎಫ್ ಭಿತ್ತಿಪತ್ರಕ್ಕೂ ಇದೇ ನಿಯಮ ಹಾಕಬೇಕಾದರೆ ಯಾವ ಕೋಷ್ಟಕ ನೋಡಬೇಕು?

ಕೈವಾರ, ಚಿಂತಾಮಣಿ

ಹಾನೆ ಅಂದರೆ ನಮ್ಮ ಕಡೆ ಒಕ್ಕಲು ಅಂತೀವಲ್ಲ, ಹತ್ತಿರಹತ್ತಿರ ಅದು. ನಿಜವಾದ ಒಕ್ಕಲನ್ನೇ ಎಣಿಸಿದ ದಫ್ತರವಾದರೆ ಐದರಿಂದ ಗುಣಿಸೋ ರೂಢಿ ಇದೆ, ಅದೂ ಅಂದಾಜು. ಆದರೆ 'ಅವಾರಿಜ್ ಹಾನೆ' ಅಂತ ಕಂಡರೆ ಗುಣಿಸಲೇಬೇಡಿ. ಅದು ತೆರಿಗೆ ಹಂಚೋಕೆ ಹಲವಾರು ಮನೆಗಳನ್ನ ಒಂದು ಮಾಡಿದ ಕಾಗದದ ಮನೆ. ಒಂದರೊಳಗೆ ಮೂರಿರಬಹುದು, ಹತ್ತೂ ಇರಬಹುದು. ಐದರಿಂದ ಗುಣಿಸಿದರೆ ಊರು ಅರ್ಧಕ್ಕಿಂತ ಚಿಕ್ಕದಾಗಿ ಕಾಣುತ್ತೆ. ಗಂಡಸರ ಎಣಿಕೆಯಾದರೆ ಎರಡರಿಂದ ಗುಣಿಸಿ, ಪಕ್ಕದಲ್ಲಿ 'ಅಂದಾಜು' ಅಂತ ಬರೆಯಿರಿ.

ಇಸವಿ ಪರಿವರ್ತನೆಗೆ ಕೂತಾಗ ಹಿಜರಿಯೋ (ಮುಸ್ಲಿಮರ ಚಾಂದ್ರಮಾನ) ರೂಮಿಯೋ (ಆಟೊಮನ್ ಸರ್ಕಾರದ ಸೌರಮಾನ) ಅಂತ ನೋಡಿಕೊಳ್ಳಿ. ರೂಮಿ ಇಸವಿಗೆ 584 ಕೂಡಿಸಿದರೆ ಸಾಕು. ರೂಮಿ 1319 ಅಂದರೆ 1903ರ ಮಾರ್ಚ್‌ನಿಂದ ಶುರು. ಹಿಜರಿಯಲ್ಲಿ ಅದೇ ಹೊತ್ತು 1321. ತಿರುವುಮುರುವು ಮಾಡಿದರೆ ಎರಡು ವರ್ಷ ತಪ್ಪುತ್ತೆ, ದಂಗೆಯ ಹಿಂದಿನ ಎಣಿಕೆ ದಂಗೆಯ ಮುಂದಕ್ಕೆ ಬಂದು ಕೂರುತ್ತೆ.

2021 ಬಳಸಿ, ಬೇಡ ಅನ್ನಲ್ಲ, ಆದರೆ ಅದಕ್ಕೆ ಅದರದೇ ಅಡಿಟಿಪ್ಪಣಿ ಬೇಕು. ದೇಶದಲ್ಲಿ ವಾಸವಿರುವವರು 18,36,713. ಹೊರದೇಶದಲ್ಲಿದ್ದು ಹೆಸರು ಬರೆಸಿದವರು 2,60,606. ವಾಸವಿರೋರನ್ನ ಮಾತ್ರ ತಗೊಂಡರೆ ಮ್ಯಾಸಿಡೋನಿಯನ್ನರು ಶೇ. 58.44, ಅಲ್ಬೇನಿಯನ್ನರು ಶೇ. 24.30. ಹೊರಗಿನವರನ್ನೂ ಸೇರಿಸಿದರೆ ಶೇ. 54.21 ಮತ್ತು ಶೇ. 29.52. ಇದಲ್ಲದೆ 1,32,260 ಜನ ಎಣಿಕೆದಾರರಿಗೆ ಸಿಗಲಿಲ್ಲ ಅಥವಾ ಉತ್ತರ ಕೊಡಲಿಲ್ಲ. ಅವರ ವಿವರವನ್ನ ಸರ್ಕಾರಿ ಕಡತಗಳಿಂದ ತುಂಬಿದರು, ಜನಾಂಗದ ಖಾನೆ ಖಾಲಿ ಬಿಟ್ಟರು. ಶೇ. 7.2 ಅಂದರೆ ಸಣ್ಣದಲ್ಲ. 2002ರಲ್ಲಿ ಇಂಥ ಖಾನೆ ಇರಲಿಲ್ಲ. 2011ರದ್ದು ಹುಡುಕಿ ಸುಸ್ತಾಗಬೇಡಿ: ಅಕ್ಟೋಬರಿನಲ್ಲಿ ಶುರುಮಾಡಿ ಅರ್ಧಕ್ಕೇ ರದ್ದು ಮಾಡಿದರು. 1991ರದ್ದನ್ನ ಅಲ್ಬೇನಿಯನ್ನರು ಬಹಿಷ್ಕರಿಸಿದ್ದರು, ಅದಕ್ಕೇ 1994ರಲ್ಲಿ ಅಂತಾರಾಷ್ಟ್ರೀಯ ಉಸ್ತುವಾರಿಯಲ್ಲಿ ಮತ್ತೆ ಎಣಿಸಿದ್ದು. ಹುಡುಕುವಾಗ ಇನ್ನೊಂದು: ದೇಶದ ಹೆಸರು ಬದಲಾದದ್ದು 2019ರಲ್ಲಿ, 2002ರ ಕಡತಗಳೆಲ್ಲ 'ಮ್ಯಾಸಿಡೋನಿಯಾ ಗಣರಾಜ್ಯ' ಅಂತಲೇ ಇವೆ.

ಚಾಂಪಿಯನ್ ರೀಫ್, ಕೆಜಿಎಫ್

ಕೆಜಿಎಫ್ ಬಗ್ಗೆ ನಾನು ಹೇಳ್ತೀನಿ. ಮೊದಲ ತೊಂದರೆ ಹೆಸರು. 1901ರ ಲೆಕ್ಕದಲ್ಲಿ ಕೋಲಾರ್ ಗೋಲ್ಡ್ ಫೀಲ್ಡ್ಸ್ ಅಂತಲೇ ಇದೆ, 38,204 ಜನ. ಇತ್ತೀಚಿನ ಗಣತಿಗಳಲ್ಲಿ ಕೆಜಿಎಫ್ ಅಂತ ಹುಡುಕಿದರೆ ಸಿಗಲ್ಲ, ರಾಬರ್ಟ್‌ಸನ್‌ಪೇಟೆ ಅಂತ ನೋಡಬೇಕು. ತಾಲ್ಲೂಕು ಕೋಷ್ಟಕ ಬೇಕಾದರೆ ಬಂಗಾರಪೇಟೆ ಕೆಳಗೆ ನೋಡಿ, ಕೆಜಿಎಫ್ ಪ್ರತ್ಯೇಕ ತಾಲ್ಲೂಕಾಗಿದ್ದು 2011ರ ಎಣಿಕೆ ಆದಮೇಲೆ.

ಎರಡನೇದು, ನಮ್ಮ ಗಣತಿ ಜನಾಂಗ ಕೇಳೋದೇ ಇಲ್ಲ. ಮಾತೃಭಾಷೆ ಕೇಳುತ್ತೆ, ಧರ್ಮ ಕೇಳುತ್ತೆ. ಎಲ್ಲ ಜಾತಿಯನ್ನೂ ಎಣಿಸಿ ಪ್ರಕಟಿಸಿದ ಕೊನೇ ಗಣತಿ 1931ರದ್ದು. ಹಾಗಾಗಿ ಗಣಿಗೆ ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ತಮಿಳರು, ಚಿತ್ತೂರು ಕಡೆಯ ತೆಲುಗರು, ಆಂಗ್ಲೋ-ಇಂಡಿಯನ್ನರು, ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು ಇವರನ್ನೆಲ್ಲ ಒಂದೇ ಕೋಷ್ಟಕದಲ್ಲಿ ತೋರಿಸೋಕೆ ಹೋದರೆ ಮತ್ತೆ ಅದೇ ಕಲಬೆರಕೆ: ಕೆಲವರು ಭಾಷೆಯ ಕಾಲಂನಿಂದ, ಕೆಲವರು ಬೇರೆ ಕಾಲಂನಿಂದ. ಭಾಷೆಗೆ ಸಿ-16 ಕೋಷ್ಟಕ ತಗೊಳ್ಳಿ, ಅದನ್ನ ಭಾಷೆ ಅಂತಲೇ ಕರೆಯಿರಿ.

ಅಲ್ಲೂ ಗುಂಪು ಕಟ್ಟೋ ಕೆಲಸ ನಡೆದಿರುತ್ತೆ. 2011ರಲ್ಲಿ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಸೋಸಿ 1,369 ಮಾಡಿದರು, ಕೊನೆಗೆ 121 ಭಾಷೆಗಳ ಕೆಳಗೆ ಜೋಡಿಸಿದರು. ಲಂಬಾಣಿ ಹೋಗಿ ಹಿಂದಿ ಕೆಳಗೆ ಕೂತಿದೆ, ಬಡಗ ಕನ್ನಡದ ಕೆಳಗೆ. ತಾಂಡಾ ಇರೋ ತಾಲ್ಲೂಕಿನಲ್ಲಿ ಹಿಂದಿ ಭಾಷಿಕರು ಅಂತ ಕಂಡರೆ ಉತ್ತರದಿಂದ ಯಾರೋ ಬಂದರು ಅಂತ ಬರೆಯಬೇಡಿ, ಒಳಗಿನ ಸಾಲು ಬಿಚ್ಚಿ ನೋಡಿ.

ತಾರೀಕು ಕೂಡ ಮುಖ್ಯ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆ ವರ್ಷದ ಗಣತಿಯ ಗಡುವು ಮಾರ್ಚ್ 1 ಶುರುವಾಗೋ ನಡುರಾತ್ರಿ, ಮನೆಮನೆ ಎಣಿಕೆ ನಡೆದದ್ದು ಫೆಬ್ರವರಿಯಲ್ಲೇ. ಅಂದರೆ 2001ರ ಅಂಕಿ ಗಣಿ ಇನ್ನೂ ಇದ್ದ ಊರಿನದು. ಮುಚ್ಚಿದ ಪರಿಣಾಮ ಅಂತ 2001ನ್ನ ತೋರಿಸಿದರೆ ತಪ್ಪಾಗುತ್ತೆ. ಅದು ಹೋಲಿಕೆಯ ಮೊದಲ ಮೆಟ್ಟಿಲು, 2011 ಎರಡನೇದು.

ಮಾರ್ಕಂಡೇಯ, ಬಂಗಾರಪೇಟೆ

ಭಿತ್ತಿಪತ್ರದ ಅಚ್ಚುಕಟ್ಟಿನ ಬಗ್ಗೆ ಒಂದೆರಡು ಮಾತು. ಗೆರೆ ಗ್ರಾಫ್ ಬೇಡ, ವರ್ಷಕ್ಕೊಂದು ಅಡ್ಡಪಟ್ಟಿ ಹಾಕಿ. ಪ್ರತಿ ಪಟ್ಟಿಯ ಎಡಗಡೆ ಯಾರು ಎಣಿಸಿದರು, ಏನು ಕೇಳಿದರು, ಯಾವ ಗಡಿ ಅನ್ನೋ ಮೂರು ಸಾಲು, ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ. ಮನೆಮಾತು ಕೇಳಿದ್ದಕ್ಕೆ ಒಂದು ಬಣ್ಣದ ಸರಣಿ, ಧರ್ಮ ಕೇಳಿದ್ದಕ್ಕೆ ಇನ್ನೊಂದು, ಸ್ವಂತ ಹೇಳಿಕೆಗೆ ಮತ್ತೊಂದು. 1900ರ ಬಲ್ಗೇರಿಯನ್ ಮತ್ತು 2002ರ ಮ್ಯಾಸಿಡೋನಿಯನ್ ಎರಡಕ್ಕೂ ಒಂದೇ ಬಣ್ಣ ಬಳಿದರೆ ನೀವು ಒಂದು ಪಕ್ಷ ಹಿಡಿದ ಹಾಗೆ, ತದ್ವಿರುದ್ಧ ಬಣ್ಣ ಬಳಿದರೆ ಇನ್ನೊಂದು ಪಕ್ಷ. ಸರಣಿಯೇ ಬೇರೆ ಆದಾಗ ಆ ತಾಪತ್ರಯ ಇಲ್ಲ.

ಕಂಚೊವ್ ಲೆಕ್ಕದಲ್ಲಿ ಮುಸ್ಲಿಮರ ಸಾಲು ಇಲ್ಲ ಅಂತ ಯಾರಾದರೂ ಕೇಳಬಹುದು. ಕ್ರುಶೆವೊ ಪಟ್ಟಣ ಆಗ ಕ್ರೈಸ್ತರ ಊರೇ, ಅಲ್ಲಿ ತೊಂದರೆಯಿಲ್ಲ. ಆದರೆ 1905ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರಾಂಕಾಫ್ ಅನ್ನೋ ಗುಪ್ತನಾಮದಲ್ಲಿ ಅಚ್ಚಾದ ಕೋಷ್ಟಕಗಳು ಕೈಗೆ ಸಿಕ್ಕರೆ, ಅವು ಕ್ರೈಸ್ತರನ್ನ ಮಾತ್ರ ಎಣಿಸಿದಂಥವು. ಅದರಲ್ಲಿ ಬೇರೆ ಊರುಗಳ ಸೊನ್ನೆ ನೋಡಿ ಮೋಸ ಹೋಗಬೇಡಿ.

ಅಂತರಗಂಗೆ, ಕೋಲಾರ

ಎರಡು ಪಟ್ಟಿಗೆ ಈಗ ಹೀಗೆ ಬರೆದಿದ್ದೀವಿ, ನೋಡಿ:

'1900. ಎಣಿಸಿದವರು: ಬಲ್ಗೇರಿಯಾದ ವಸಿಲ್ ಕಂಚೊವ್. ಆಧಾರ: ಮುಖ್ಯವಾಗಿ ಮನೆಮಾತು. ಗಡಿ: ಪಟ್ಟಣ. ಒಟ್ಟು 9,350. ಅವರು ಬಲ್ಗೇರಿಯನ್ ಎಂದು ಬರೆದವರು 4,950 (ಶೇ. 52.9), ವ್ಲಾಹ್ 4,000 (ಶೇ. 42.8), ಕ್ರೈಸ್ತ ಅಲ್ಬೇನಿಯನ್ 400 (ಶೇ. 4.3).'

'2002. ಎಣಿಸಿದವರು: ಮ್ಯಾಸಿಡೋನಿಯಾ ಗಣರಾಜ್ಯದ ಸರ್ಕಾರ. ಆಧಾರ: ಸ್ವಂತ ಹೇಳಿಕೆ. ಗಡಿ: ಪಟ್ಟಣ. ಒಟ್ಟು 5,330. ವ್ಲಾಹ್ 1,020 (ಶೇ. 19.1).'

ಕೈವಾರ, ಚಿಂತಾಮಣಿ

ಮೊದಲನೇದು ಸರಿಯಾಗಿದೆ. ಎರಡನೇದರಲ್ಲಿ ಆ 1,020 ಪುರಸಭೆಯ ಅಂಕಿ, 5,330 ಪಟ್ಟಣದ್ದು. ಭಾಗಿಸಿದ್ದು ನಾನು, ಅದೂ ಬಹುತೇಕ ಎಲ್ಲರೂ ಪಟ್ಟಣದಲ್ಲೇ ಇದ್ದಾರೆ ಅಂತ ಹಿಡಿದು. ಹಾಗಾಗಿ 19.1 ಅಂತ ದಶಮಾಂಶ ಕೊಡಬೇಡಿ, 'ಸುಮಾರು 19' ಅಂತ ಹಾಕಿ, ಗಡಿಯ ಸಾಲಿನಲ್ಲಿ ಎರಡನ್ನೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಇನ್ಯಾರೋ ನಿಮ್ಮ ಭಿತ್ತಿಪತ್ರ ತೋರಿಸಿ ಪಟ್ಟಣದ ಗಣತಿಯಲ್ಲೇ 1,020 ಅಂತ ಇದೆ ಅಂತಾರೆ.